ಆವರೇಜ್ ಇನ್ನೂ ಬಂದಿಲ್ಲ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಶಿವಾಜಿನಗರದಲ್ಲಿ ಬೈಕ್ ರಿಪೇರಿ ಮಾಡುತ್ತ ಮಾಡುತ್ತ ಕಿವಿ ಪಳಗಿತು. ಬಸ್ಸು, ಹಾರ್ನು, ಕೂಗಾಟದ ನಡುವೆಯೂ ಎಂಜಿನ್ನಿನೊಳಗಿನ ಸಣ್ಣ ಟಕ್ ಹಿಡಿದುಬಿಡುತ್ತೇನೆ. ಅಂಥವನ ಮಗಳು, ಐದು ತಿಂಗಳ ಕೂಸು, ಪಕ್ಕದಲ್ಲೇ ಸ್ಪ್ಯಾನರ್ ಬಿದ್ದರೂ ಬೆಚ್ಚಲಿಲ್ಲ.

ಹಲಸೂರಿನ ಕ್ಲಿನಿಕ್ಕಿಗೆ ಹೋದೆವು. ಹಾಲು ಕುಡಿದು ನಿದ್ದೆಹೋದ ಮಗುವನ್ನು ಹೆಂಡತಿ ಮಡಿಲಲ್ಲಿಟ್ಟುಕೊಂಡಳು. ಪರೀಕ್ಷೆ ಮಾಡುವ ಮೇಡಂ ಅದರ ಹಣೆಗೆ, ಕಿವಿಯ ಹಿಂದಕ್ಕೆ ವೈರು ಅಂಟಿಸಿ, ಬಲಗಿವಿಗೆ ಟಕ್‌ಟಕ್ ಶಬ್ದ ಬಿಟ್ಟರು. ಪರದೆಯ ಮೇಲೆ ಗೆರೆ ಹುಚ್ಚು ಹಿಡಿದಂತೆ ಕುಣಿಯಿತು.

"ಏನಾಯ್ತು ಮೇಡಂ?"

"ಇನ್ನೂ ಆವರೇಜ್ ಬಂದಿಲ್ಲ ಸರ್."

ಆವರೇಜ್ ಎಂದರೆ ನಮ್ಮ ಬೀದಿಯಲ್ಲಿ ಒಂದೇ ಅರ್ಥ, ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಎಂದು. 'ಆವರೇಜ್ ಬರ್ತಿಲ್ಲ ಗುರು' ಎಂದು ಗಿರಾಕಿ ಬಂದನೆಂದರೆ ಒಳಗೇನೋ ಕೆಟ್ಟಿದೆ.

"ಹಾಗಾದ್ರೆ ಕಿವಿ ಹೋಗಿದ್ಯಾ?"

"ಅಯ್ಯೋ, ಅದಲ್ಲ! ಆವರೇಜ್ ಅಂದ್ರೆ ಸರಾಸರಿ. ಮಗು ಅಲುಗಾಡಿದ್ರೆ, ಮುಲುಗಿದ್ರೆ, ಗೆರೆ ಹೇಗ್ಬೇಕೋ ಹಾಗೆ ಮೇಲೆ ಕೆಳಗೆ ಹೋಗುತ್ತೆ. ಸಾವಿರಾರು ಸಲದ್ದು ಕೂಡಿ ಭಾಗಿಸಿದ್ರೆ ಅದೆಲ್ಲ ಒಂದಕ್ಕೊಂದು ಹೊಡ್ಕೊಂಡು ಹೋಗುತ್ತೆ. ಕಿವಿ ಕೇಳಿದ್ರೆ ಮಿದುಳಿನ ಉತ್ತರ ಮಾತ್ರ ಪ್ರತಿ ಟಕ್ ಆದ್ಮೇಲೂ ಅದೇ ಜಾಗದಲ್ಲಿ ಬರುತ್ತೆ. ಅದು ಉಳ್ಕೊಳ್ಳುತ್ತೆ."

ಹೊಳೆಯಿತು. ಹಾರ್ನು ಯಾವಾಗಲೋ ಬರುತ್ತದೆ. ಎಂಜಿನ್ನಿನೊಳಗೆ ಸಡಿಲವಾದ ಟ್ಯಾಪೆಟ್ಟಿನ ಸದ್ದು ಸುತ್ತು ಸುತ್ತಿಗೂ ಅದೇ ಜಾಗದಲ್ಲಿ. ನನ್ನ ಕಿವಿ ಇಷ್ಟು ವರ್ಷ ಮಾಡಿದ್ದೂ ಇದನ್ನೇ. ಆದರೆ ಅರ್ಥವಾದದ್ದರಿಂದ ಭಯ ಇನ್ನೂ ಹೆಚ್ಚಾಯಿತು. ಉತ್ತರವೇ ಬಾರದಿದ್ದರೆ, ಕೂಡಿದಷ್ಟೂ ಗೆರೆ ಚಪ್ಪಟೆಯಾಗುತ್ತದೆ. ಅದು ಚಪ್ಪಟೆಯಾಗುತ್ತಲೇ ಇತ್ತು.

ಪರದೆಯ ಮೂಲೆಯಲ್ಲಿ ಟಕ್‌ಗಳ ಎಣಿಕೆ ಸಾವಿರ ದಾಟಿತು. ಒಂದು ಕಡೆ ಗೆರೆ ಸಣ್ಣಗೆ ಉಬ್ಬಿದ ಹಾಗಾಯಿತು.

"ಬಂತು!" ಎಂದೆ.

"ಶ್! ಒಂದ್ಸಲಕ್ಕೆ ನಂಬೋ ಹಾಗಿಲ್ಲ ಸರ್. ಕೆಲವು ಸಲ ಸುಮ್‌ಸುಮ್ನೆ ಹೀಗೆ ಕಾಣುತ್ತೆ." ಆ ಗೆರೆಯನ್ನು ಪರದೆಯ ಮೇಲೇ ಉಳಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡಿದರು.

ಹೆಂಡತಿ ಪಿಸುಗುಟ್ಟಿದಳು: "ರೀ, ಉಸಿರು ಬಿಡಿ. ನಿಮ್ಮನ್ನ ನೋಡಿದ್ರೇ ನಂಗೆ ನಡುಕ ಬರ್ತಿದೆ. ದೊಡ್ಡ ಮೆಕ್ಯಾನಿಕ್ಕಂತೆ!"

ನಾನು ಉಸಿರು ಬಿಡಲಿಲ್ಲ. ಎರಡನೆಯ ಗೆರೆ ನಿಧಾನವಾಗಿ ಕುಣಿತ ಬಿಟ್ಟು, ಮೊದಲಿನದರ ಮೇಲೆ ಬಂದು ಕೂತಿತು. ಉಬ್ಬಿನ ಮೇಲೆ ಉಬ್ಬು.

"ಬಲಗಿವಿ ಕೇಳ್ತಿದೆ ಸರ್."

ಹೆಂಡತಿ ಮಗುವಿನ ತಲೆಯ ಮೇಲೆ ಕೆನ್ನೆಯಿಟ್ಟಳು. ಮೇಡಂ ಶಬ್ದವನ್ನು ಎಡಗಿವಿಗೆ ಬದಲಿಸಿದರು. ಎಣಿಕೆ ಮತ್ತೆ ಸೊನ್ನೆಗೆ ಬಂತು. ಎಲ್ಲಿ ನೋಡಬೇಕೆಂದು ಈಗ ನನಗೆ ಗೊತ್ತಿತ್ತು. ಆ ಜಾಗದ ಮೇಲೆ ಕಣ್ಣು ನೆಟ್ಟೆ.