ವೇರೂಳಿನಲ್ಲಿ ನಾನು ಬರೆದ ತಪ್ಪೊಪ್ಪಿಗೆ

ಅವರ ಎರಡೂ ಮುಂಗೈಗಳ ಚರ್ಮದಡಿಯಲ್ಲಿ ಎಳ್ಳಿನಷ್ಟು ಸಣ್ಣ ಕಡುನೀಲಿ ಚುಕ್ಕೆಗಳಿದ್ದವು. ನೋಡಿದವರು ಹಚ್ಚೆ ಎಂದುಕೊಳ್ಳುತ್ತಿದ್ದರು. ಅವು ಉಳಿಯ ಪೆಟ್ಟು ಬಿದ್ದಾಗ ಸಿಡಿದು ಒಳಹೊಕ್ಕ ಕಲ್ಲಿನ ಚೂರುಗಳು. ನಾಸಿಕ್ ರೋಡಿನ ನಮ್ಮ ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬುವ ಕಲ್ಲು ಸವೆದು ನುಣುಪಾದಾಗಲೆಲ್ಲ ಅದನ್ನು ಕುಟ್ಟಿ ಮತ್ತೆ ಒರಟು ಮಾಡಿಕೊಡುತ್ತಿದ್ದವರು ಅವರು. ಬಾಗಲಕೋಟೆ ಕಡೆಯವರು. ಉಡುಪಿ ಕಡೆಯ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರಿಗೆ ನಾನು, ಈ ಸೀಮೆಯ ಎಲ್ಲ ಹೋಟೆಲಿನವರಂತೆ, ಅಣ್ಣಾ.

ಕುಟ್ಟಲು ಕೂರುವ ಮೊದಲು ಅವರು ಕಲ್ಲನ್ನು ಅಂಗೈಯಿಂದ ಸವರಿ, "ಏನವಾ, ಹಲ್ಲ ಸವದಾವೇನ?" ಎಂದು ಮಾತಾಡಿಸುತ್ತಿದ್ದರು.

"ನಿಮ್ಮ ಕಲ್ಲಿಗೆ ಕಿವಿ ಬೇರೆ ಉಂಟಾ, ಕಾಕಾ?"

"ಕಲ್ಲಿಗೆ ಐತ್ರಿ ಅಣ್ಣಾರ. ನಿಮ್ಮ ಅಡಗಿಯವಗ ಇಲ್ಲ ನೋಡ್ರಿ, ಎಷ್ಟ ಹೇಳಿದ್ರೂ ಒಣಾ ಕಲ್ಲ ತಿರಗಸ್ತಾನ."

ವೇರೂಳಿನ, ಅಂದರೆ ಎಲ್ಲೋರದ, ಗುಹೆಗಳನ್ನು ನೋಡಬೇಕೆಂಬುದು ಅವರಿಗಿದ್ದ ಒಂದೇ ಆಸೆ. ಒಂದು ಸೋಮವಾರ, ಹೋಟೆಲಿಗೆ ರಜೆಯಿದ್ದ ದಿನ, ಇಬ್ಬರೂ ಹೊರಟೆವು. ಸಂಭಾಜಿನಗರದಲ್ಲಿ ಬಸ್ಸು ಬದಲಿಸಿ ವೇರೂಳಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು.

ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಆ ಕೈಲಾಸ ದೇವಾಲಯದ ಮುಂದೆ ಕಾಕಾ ಚಪ್ಪಲಿ ಕಳಚಿಟ್ಟು ಕೈಮುಗಿದರು. ಪಕ್ಕದಲ್ಲೇ ಒಬ್ಬ ಗೈಡು ಒಂದು ಗುಂಪನ್ನು ನಿಲ್ಲಿಸಿಕೊಂಡು, ಇದು ಮನುಷ್ಯರ ಕೆಲಸವೇ ಅಲ್ಲ, ಆಕಾಶದಿಂದ ಯಾರೋ ಯಂತ್ರ ತಂದು ಕೊರೆದದ್ದು ಎಂದು ಹಿಂದಿಯಲ್ಲಿ ಒದರುತ್ತಿದ್ದ. ಜನ ಬಾಯಿಬಿಟ್ಟು ಕೇಳುತ್ತಿದ್ದರು, ಒಬ್ಬರಿಗೂ ನಾಚಿಕೆಯಿಲ್ಲ! ಕಾಕಾ ನನ್ನ ರಟ್ಟೆ ಹಿಡಿದು ಗೋಡೆಯ ಬುಡಕ್ಕೆ ಎಳೆದೊಯ್ದರು. ಅಲ್ಲಿ ಸಾಲಾಗಿ ಇಳಿದಿದ್ದ ಉಳಿಯ ಗೆರೆಗಳ ನಡುವೆ ಒಂದು ಮಾತ್ರ ಸೊಟ್ಟಗೆ ಜಾರಿತ್ತು.

"ಇಲ್ಲಿ ನೋಡ್ರಿ. ಸಂಜಿ ಮುಂದಿನ ಪೆಟ್ಟ ಇದು. ದಣದಾನ, ಕೈ ಜಾರೇತಿ. ಯಂತ್ರ ದಣಿತೇತೇನ್ರಿ?"

ಅಷ್ಟು ದೊಡ್ಡ ದೇವಾಲಯದಲ್ಲಿ ಹೆಸರಿಲ್ಲದ ಒಬ್ಬ ಕೂಲಿಯವನ ದಣಿವನ್ನು ಕಂಡ ಕಣ್ಣು ಅದು.

ಆಮೇಲೆ ಅವರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ತಮ್ಮ ಚಾಣವನ್ನು, ಅಂದರೆ ಕಲ್ಲು ಕುಟ್ಟುವ ಉಳಿಯನ್ನು, ತೆಗೆದರು. ಹಿರಿಯರ ಕೆಲಸ ಕಂಡಲ್ಲಿ ಅದರ ಪಾದಕ್ಕೆ ಚಾಣ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದು ಅವರ ಮನೆತನದ ಪದ್ಧತಿ. ಅದನ್ನವರು ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಬಗ್ಗಿ ಗೋಡೆಗೆ ಮುಟ್ಟಿಸಿದರೋ ಇಲ್ಲವೋ, ಗೈಡು ಕೂಗಿದ: "ಅರೆ, ಬುಡ್ಢಾ ನಾಮ್ ಖೋದ್ ರಹಾ ಹೈ!" ಮುದುಕ ಹೆಸರು ಕೊರೆಯುತ್ತಿದ್ದಾನೆ ಎಂದು.

ಅವರ ತಲೆಯ ಮೇಲುಗಡೆ ಗೋಡೆಯಲ್ಲಿ ಯಾವನೋ ಪುಂಡ ತನ್ನದೂ ತನ್ನ ಹುಡುಗಿಯದೂ ಹೆಸರು ಗೀಚಿದ್ದ. ಆ ತಪ್ಪು ಕಾಕಾನ ತಲೆಗೆ ಬಂತು. ಕಾವಲಿನವನು ಓಡಿ ಬಂದು ಚಾಣ ಕಿತ್ತುಕೊಂಡು, ಅವರ ಕುತ್ತಿಗೆಪಟ್ಟಿ ಹಿಡಿದು ಬಾಗಿಲ ಬಳಿಯ ಕೋಣೆಗೆ ನಡೆಸಿದ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು.

ಕಾಕಾ ಮರಾಠಿಯಲ್ಲಿ ಕೈಮುಗಿದು ಹೇಳಿದರು: "ಸಾಹೇಬ, ಮಲಾ ಲಿಹಿತಾಚ್ ಯೇತ್ ನಾಹೀ." ನನಗೆ ಬರೆಯಲಿಕ್ಕೇ ಬರುವುದಿಲ್ಲ ಎಂದು. "ಅದು ಕೀಲಿಕೈಯ ಗೀರು, ಚಾಣದ್ದಲ್ಲ, ಬಂದು ನೋಡಿ" ಎಂದೂ ಅಂಗಲಾಚಿದರು. ಹತ್ತು ಹೆಜ್ಜೆ ನಡೆದು ನೋಡುವಷ್ಟು ವ್ಯವಧಾನ ಆ ಕಾವಲಿನವನಿಗಿರಲಿಲ್ಲ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಬಿಡುತ್ತೇನೆ, ಇಲ್ಲವಾದರೆ ಪೊಲೀಸ್ ಎಂದ.

ಇನ್ನು ಮುಂದಿನದು ನನ್ನ ಕೆಲಸ. ಹೋಟೆಲಿನವರಾದ ನಮಗೊಂದು ಚಟವುಂಟು. ಸಾಂಬಾರಿನಲ್ಲಿ ಕೂದಲಿದೆ ಎಂದು ಗಿರಾಕಿ ಕೂಗಿದರೆ ಮೊದಲು ಕ್ಷಮೆ ಕೇಳುತ್ತೇವೆ, ಬಟ್ಟಲು ನೋಡುವುದು ಆಮೇಲೆ. ಆ ಚಟದಲ್ಲೇ ನಾನು ಪೆನ್ನು ಹಿಡಿದೆ. 'ಗೋಡೆಯ ಮೇಲೆ ಹೆಸರು ಕೊರೆದದ್ದು ನನ್ನಿಂದಾದ ತಪ್ಪು' ಎಂದು ಮರಾಠಿಯಲ್ಲಿ ಬರೆದು, ಕೆಳಗೆ ಕಾಕಾನ ಪೂರ್ಣ ಹೆಸರು ಹಾಕಿದೆ.

"ಏನಂತ ಬರದ್ರಿ, ಅಣ್ಣಾರ?"

"ಚಾಣ ತಂದದ್ದು ತಪ್ಪಾಯ್ತು ಅಂತ, ಅಷ್ಟೆ ಕಾಕಾ. ಒತ್ತಿಬಿಡಿ, ಬಸ್ಸು ಹೋಗ್ತದೆ."

ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದರು. ಚಾಣ ವಾಪಸು ಸಿಕ್ಕಿತು.

ಬಸ್ಸಿನಲ್ಲಿ ಅವರು ಮತ್ತೆ ಮತ್ತೆ ಕೇಳಿದಾಗ ನನಗೆ ಸುಳ್ಳು ಉಳಿಸಿಕೊಳ್ಳಲಾಗಲಿಲ್ಲ. ನಿಜ ಹೇಳಿದೆ. ಅವರು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಇಷ್ಟೇ ಅಂದರು: "ಕಲ್ಲ ಕೆಡಸಾಂವಾ ಅಂತ ನನ್ನ ಕೈಯಿಂದನ ಒತ್ತಿಸಿದ್ರೇನ್ರಿ? ಪೊಲೀಸರು ಹೊಡದಿದ್ರ ಎರಡ ದಿನ ನೋಯತಿತ್ತ."

ಆಮೇಲೂ ಅವರು ಹೋಟೆಲಿಗೆ ಬರುತ್ತಿದ್ದರು, ಕೆಲಸದಲ್ಲಿ ಒಂದು ಪೆಟ್ಟೂ ಕಡಿಮೆ ಮಾಡಲಿಲ್ಲ. ಕಲ್ಲನ್ನು ಮಾತಾಡಿಸುವುದನ್ನು ಮಾತ್ರ ನಿಲ್ಲಿಸಿದ್ದರು, ನನ್ನೆದುರಿಗಾದರೂ. ಮುಂದಿನ ವರ್ಷ ಸಿನ್ನರ್‌ನ ಮಗಳ ಮನೆಯಲ್ಲಿ ತೀರಿಕೊಂಡರು. ಕಲ್ಲುಪುಡಿ ಕುಡಿದು ಕುಡಿದು ಎದೆ ಕಟ್ಟಿತ್ತಂತೆ.

ಹದಿನೈದು ದಿನ ಬಿಟ್ಟು ನಾನೊಬ್ಬನೇ ವೇರೂಳಿಗೆ ಹೋದೆ. ನಡೆದದ್ದನ್ನೆಲ್ಲ ಬರೆದ ಕಾಗದ ಒಯ್ದಿದ್ದೆ. ಆ ಕೋಣೆಯಲ್ಲಿ ಬೇರೊಬ್ಬನಿದ್ದ. ಕಾಕಾನ ತಪ್ಪೊಪ್ಪಿಗೆ ತೆಗೆದು ಅದರ ಜಾಗದಲ್ಲಿ ಇದನ್ನಿಡಿ ಎಂದೆ. ನಕ್ಕ. "ಅಂಥ ಕಾಗದ ಯಾರು ನೋಡ್ತಾರೆ, ಅಣ್ಣಾ? ಎಲ್ಲೋ ಕಟ್ಟಿಟ್ಟಿರ್ತಾರೆ. ಬಿಡಿ."

ಯಾರೂ ನೋಡದ ಕಾಗದಕ್ಕಾಗಿ ಆ ಮುದುಕನ ಕುತ್ತಿಗೆಪಟ್ಟಿ ಹಿಡಿದಿರೇನಪ್ಪಾ! ನನ್ನ ಕಾಗದವನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ. ಅವನು ಅದನ್ನು ಎಸೆದಿರುತ್ತಾನೆ, ಗೊತ್ತು.

ಎಪ್ಪತ್ತು ವರ್ಷ ಬದುಕಿದ ಆ ಜೀವ ತನ್ನ ಹೆಸರನ್ನು ಕಲ್ಲಿನ ಮೇಲಾಗಲಿ, ಕಾಗದದ ಮೇಲಾಗಲಿ ಬರೆದುಕೊಂಡದ್ದಿಲ್ಲ. ಬರೆದವನು ನಾನು, ಅದೂ ಒಂದು ಸುಳ್ಳಿನ ಕೆಳಗೆ. ಆದ್ದರಿಂದ ಈ ಬರಹದಲ್ಲಿ ನಾನು ಅವರ ಹೆಸರು ಬರೆದಿಲ್ಲ.