ಸೋಮವಾರ, ಶನಿವಾರದ ಮಾತ್ರೆ

ಕೋವಿಡ್ ಗಲಾಟೆ ಮುಗಿದು ಒಂದೂವರೆ ವರ್ಷವಾಗಿತ್ತು. ಬ್ರಹ್ಮಾವರದ ಕಡೆಯಿಂದ ವರ್ಗವಾಗಿ ಬಂದ ನಾನು ಆಗ ಬೈಂದೂರು ತಾಲ್ಲೂಕಿನ ಕಡಲಬದಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ವಯಸ್ಸು ನಲವತ್ತೊಂಬತ್ತು. ರೋಗಿಗಳ ಬಿ.ಪಿ. ನೋಡಿದ ಪಟ್ಟಿಯನ್ನು, ಯಾರೂ ಇಲ್ಲದಾಗ, ನನ್ನ ತೋಳಿಗೂ ಸುತ್ತಿ ನೋಡಿಕೊಳ್ಳುವ ಅಭ್ಯಾಸ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿದ್ದೂ ಉಂಟು. ಚಿಂತೆ ಮಾಡುವುದು ವೈದ್ಯನಿಗೆ ಇರಬೇಕಾದ ಗುಣವೆಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ. ಅದನ್ನು ರದ್ದು ಮಾಡಿದವರು ಉಪ್ಪುಂದದ ಜಲಜ.

ಜಲಜರಿಗೆ ಮೂವತ್ತಾರು ವರ್ಷ. ಮೀನು ಮಾರ್ಕೆಟ್ಟಿನಲ್ಲಿ ಕೂತು ಮಾರುವವರು. ಗಂಡ ಬೋಟಿಗೆ ಹೋಗುತ್ತಿದ್ದರು. ಮೀನಿನ ಬುಟ್ಟಿ ಹೊತ್ತು ದಡದಿಂದ ರಸ್ತೆಗೆ ಬರುವಷ್ಟರಲ್ಲಿ ಏದುಸಿರು ಎಂದು ಬಂದಿದ್ದರು. ಸ್ಟೆತಾಸ್ಕೋಪಿನಲ್ಲಿ ಇರಬಾರದ ಸದ್ದು ಕೇಳಿತು. ಕುಂದಾಪುರದಲ್ಲಿ ಎಕೋ ಮಾಡಿಸಿದಾಗ ಎ.ಎಸ್.ಡಿ. ಎಂದು ಗೊತ್ತಾಯಿತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ತೂತು. ಇವರದು ಹದಿನೆಂಟು ಮಿಲಿಮೀಟರ್. ಎದೆ ಕೊಯ್ಯಬೇಕಾಗಿರಲಿಲ್ಲ. ತೊಡೆಯ ರಕ್ತನಾಳದ ಮೂಲಕ ತೆಳ್ಳಗಿನ ಕೊಳವೆ ಹಾಯಿಸಿ, ಪುಟ್ಟ ಕೊಡೆಯಂತೆ ಬಿಚ್ಚಿಕೊಳ್ಳುವ ಡಿವೈಸ್ ಕೂರಿಸಿ ತೂತು ಮುಚ್ಚಬಹುದಿತ್ತು.

ಇಷ್ಟು ಹೇಳಿ ನಾನು ಬಾಯಿ ಮುಚ್ಚಬೇಕಿತ್ತು. ಡಿವೈಸ್ ಜಾರಬಹುದು, ಎದೆಬಡಿತ ಏರುಪೇರಾಗಬಹುದು, ಸೋಂಕಾಗಬಹುದು ಎಂದು ಓದಿದ್ದೆಲ್ಲವನ್ನೂ ಒಪ್ಪಿಸಿದೆ. ಜಲಜ ತಲೆಯಾಡಿಸಿ ಎದ್ದು ಹೋದವರು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಅತ್ತೆ ಸೀತಮ್ಮ ಸೊಸೆಯನ್ನು ಕೈಹಿಡಿದು ಎಳೆದುಕೊಂಡೇ ಬಂದರು.

"ಹ್ವಾಯ್ ಡಾಕ್ಟ್ರೆ, ಇವ್ಳಿಗೆ ನೀವ್ ಎಂತ ಹೇಳಿದ್ರಿ? ಊಟ ಇಲ್ಲೆ, ನಿದ್ರಿ ಇಲ್ಲೆ."

"ಇದ್ದದ್ದನ್ನೇ ಹೇಳಿದ್ದೆ ಅಮ್ಮ."

"ಮಾಡ್ಸಿರೆ ಎಂತೆಲ್ಲ ಆತ್ತ್ ಅಂದ್ ಹೇಳಿದ್ರಿ. ಮಾಡ್ಸ್ದೇ ಇದ್ರೆ ಎಂತ ಆತ್ತ್ ಅಂದ್ ಹೇಳಿದ್ರಿಯಾ?"

ಹೇಳಿರಲಿಲ್ಲ. ಹೃದಯದ ಬಲಭಾಗ ಆಗಲೇ ಹಿಗ್ಗತೊಡಗಿತ್ತು. ಇನ್ನಷ್ಟು ವರ್ಷ ಬಿಟ್ಟರೆ ಶ್ವಾಸಕೋಶದ ಒತ್ತಡ ಏರಿ, ಮುಚ್ಚಲೂ ಆಗದ ಸ್ಥಿತಿ ಬರಬಹುದಿತ್ತು. ಅದನ್ನು ನಿಧಾನವಾಗಿ ವಿವರಿಸಿದೆ. ಜಲಜ ನನ್ನ ಮುಖವನ್ನೇ ನೋಡುತ್ತ ಕೇಳಿದರು, "ನಿಮ್ಗೇ ಹೀಂಗ್ ಆಯಿದ್ರೆ ಮಾಡ್ಸ್ಕಂತಿದ್ರಿಯಾ ಡಾಕ್ಟ್ರೆ?"

"ಮಾಡ್ಸ್ಕಂತಿದ್ದೆ. ಅದ್ಕ್ ಮೊದ್ಲ್ ಹತ್ತ್ ಡಾಕ್ಟ್ರನ್ನ ಕೇಂತಿದ್ದೆ."

"ಹತ್ತ್ ಜನನ್ನ ಕೇಂಬ್ದ್ರೊಳ್ಗೆ ಇವ್ರ್ ಕಥಿ ಮುಗಿತ್ತ್," ಎಂದರು ಸೀತಮ್ಮ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಎನ್ನುವಂತೆ ಜಲಜ ನಕ್ಕರು. ಒಪ್ಪಿಗೆ ಆ ನಗುವಿನಲ್ಲೇ ಸಿಕ್ಕಿತು.

ಜೂನ್ ಕೊನೆಗೆ ದಿನ ನಿಗದಿಯಾಯಿತು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುತ್ತವೆ, ಮಾರ್ಕೆಟ್ ತಣ್ಣಗಿರುತ್ತದೆ, ಗಂಡನೂ ಮನೆಯಲ್ಲಿರುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಡಿವೈಸ್ ಸಲೀಸಾಗಿ ಕೂತಿತು. ಮೂರನೆಯ ದಿನ ಜಲಜ ಮನೆಗೆ ಬಂದರು. ರಕ್ತ ಹೆಪ್ಪುಗಟ್ಟದಂತೆ ದಿನಾ ಎರಡು ಮಾತ್ರೆ, ಆರು ತಿಂಗಳು. ಡಿವೈಸಿನ ಮೇಲೆ ಮೈಯ ಪೊರೆ ಬೆಳೆದು ಮುಚ್ಚುವವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಕಟ್ಟಿದ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಒಂದು ತಿಂಗಳು ಭಾರ ಎತ್ತಬಾರದು, ಜ್ವರ ಬಂದರೆ ಕಾಯಬಾರದು, ಹಲ್ಲು ಕೀಳಿಸುವ ಮೊದಲು ನನಗೆ ಹೇಳಬೇಕು ಎಂದು ಪಟ್ಟಿ ಬರೆದುಕೊಟ್ಟೆ. ಅವರಿಗೆ ಹಲ್ಲುನೋವೇ ಇರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು, ಜಲಜ ಮಾರ್ಕೆಟ್ಟಿಗೆ ಮರಳಿದರು. ಸೆಪ್ಟೆಂಬರ್ ಮಧ್ಯದಲ್ಲಿ ಅತ್ತೆಯೊಂದಿಗೆ ತೋರಿಸಲು ಬಂದಾಗ ಏದುಸಿರು ಇರಲಿಲ್ಲ, ಮುಖದಲ್ಲಿ ಕಳೆಯಿತ್ತು. ನಾನು ಮಾತ್ರೆ ಬರೆಯಲು ಪೆನ್ನು ತೆಗೆದೆ.

"ಹೊಸತ್ ಬರೂದ್ ಬ್ಯಾಡ ಡಾಕ್ಟ್ರೆ, ಇನ್ನೂ ಬೇಕಷ್ಟ್ ಇತ್ತ್."

"ಇರೂಕ್ ಹ್ಯಾಂಗ್ ಸಾಧ್ಯ? ದಿನಾ ತಕಂತ್ರಿ ಅಲ್ದಾ?"

"ಸೋಮ್ವಾರ, ಶನಿವಾರ ತಪ್ಸುದೇ ಇಲ್ಲೆ."

"ಉಳ್ದ್ ದಿನ?"

"ಉಳ್ದ್ ದಿನ ಮೀನ್ ಕೊಯ್ಯೂಕಿತ್ತಲ್ದಾ?"

ನಮ್ಮಲ್ಲಿ ಸೋಮವಾರ, ಶನಿವಾರ ಮೀನು ಮುಟ್ಟದ ಮನೆಗಳೇ ಹೆಚ್ಚು. ಆ ಎರಡು ದಿನ ಜಲಜ ಮಾರ್ಕೆಟ್ಟಿಗೆ ಹೋಗುತ್ತಿರಲಿಲ್ಲ. ಬಾಕಿ ದಿನ ಗಿರಾಕಿಗೆ ಮೀನು ಶುಚಿ ಮಾಡಿ, ಕೊಯ್ದು ಕೊಡಬೇಕು. ಅವರು ಕೈ ಚಾಚಿ ತೋರಿಸಿದರು: ಮುಳ್ಳು ಚುಚ್ಚಿದ, ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿ ತಾಗಿದ ಹತ್ತಾರು ಗೀರುಗಳು. "ಮೊದ್ಲೆಲ್ಲ ನೀರಂಗ್ ತೊಳ್ದ್ರೆ ನಿಲ್ತಿತ್ತ್. ಈ ಮಾತ್ರಿ ತಕಂಡ್ರೆ ರಕ್ತ ನಿಲ್ಲುದೇ ಇಲ್ಲೆ. ಅದ್ನ್ ಕಂಡ್ ಗಿರಾಕಿ ಪಕ್ಕದವ್ಳ್ ಹತ್ರ ಹೋತ್ರ್."

ವಾರಕ್ಕೆ ಎರಡೇ ದಿನ ಮಾತ್ರೆ; ಮಾರ್ಕೆಟ್ಟಿಗೆ ಮರಳಿದಾಗಿನಿಂದ ಲೆಕ್ಕ ಹಾಕಿದೆ. ಆರು ವಾರ! ಜಗತ್ತಿನ ಎಲ್ಲ ಅಪಾಯವನ್ನೂ ಹೇಳಿದ್ದ ನಾನು, ಕತ್ತಿಯ ಮುಂದೆ ಕೂತು ದುಡಿಯುವ ಹೆಂಗಸಿಗೆ ಸಣ್ಣ ಗಾಯದಿಂದಲೂ ಹೆಚ್ಚು ಹೊತ್ತು ರಕ್ತ ಬರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ ಎಂಬ ಒಂದು ವಾಕ್ಯ ಹೇಳಿರಲಿಲ್ಲ.

ಅದೇ ಮಧ್ಯಾಹ್ನ ಅತ್ತೆ–ಸೊಸೆಯನ್ನು ನನ್ನ ಕಾರಿನಲ್ಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ನನಗೆ ಸಮಾಧಾನ ಹೇಳಿದವರು ರೋಗಿಯೇ. "ನಿಧಾನ ಬಿಡಿ ಡಾಕ್ಟ್ರೆ, ನಂಗೆಂತ ಆಯ್ಲಿಲ್ಲೆ." ಎಕೋ ಕೋಣೆಯ ಹೊರಗೆ ಸೀತಮ್ಮ ಕೂತಿದ್ದರು. ಸೊಸೆಯ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಹೃದ್ರೋಗ ತಜ್ಞರು ಹೊರಬಂದು, ಹೆಪ್ಪು ಇಲ್ಲ, ಆದರೆ ಇನ್ನು ಒಂದು ದಿನವೂ ಮಾತ್ರೆ ತಪ್ಪಬಾರದು ಎಂದರು.

ಮಾರ್ಕೆಟ್ ಬಿಡಲು ಜಲಜ ಒಪ್ಪಲಿಲ್ಲ. ಗಿರಾಕಿ ಒಮ್ಮೆ ಹೋದರೆ ಮರಳುವುದಿಲ್ಲ. ರಬ್ಬರ್ ಕೈಗವಸು ತಂದುಕೊಟ್ಟೆ, ಮೀನು ಜಾರಿತು. ಕೊನೆಗೆ ಸೀತಮ್ಮ ಎಂದರು, "ನಾ ಕೊಯ್ತೆ. ಅವ್ಳ್ ತೂಕ ಮಾಡ್ಲಿ." ಕಣ್ಣಿನ ಪೊರೆಯಿಂದಾಗಿ ಮಾರ್ಕೆಟ್ ಬಿಟ್ಟು ಎರಡು ವರ್ಷವಾಗಿದ್ದವರು ಅವರು. ನಾನು ಕಣ್ಣಿನ ಮಾತೆತ್ತಿದೆ.

"ಬಂಗ್ಡಿ ಮೀನ್ ಕೊಯ್ಯೂಕೆ ಕಣ್ಣ್ ಎಂತಕೆ? ಕೈಗ್ ಗೊತ್ತಿತ್ತ್."

ಡಿಸೆಂಬರ್ ಕೊನೆಯ ಎಕೋದಲ್ಲಿ ಡಿವೈಸ್ ಪೂರ್ತಿ ಪೊರೆಯೊಳಗೆ ಸೇರಿಹೋಗಿತ್ತು. ಮಾತ್ರೆ ನಿಂತಿತು. ಮರುದಿನ ಮೀನು ತರುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋದೆ. ಜಲಜ ಅತ್ತೆಯ ಹೆಗಲು ಮುಟ್ಟಿ, "ಇನ್ನ್ ಏಳಿನಿ ಅತ್ತೆ, ನಾ ಕೂಕಂತೆ," ಎನ್ನುತ್ತಿದ್ದರು. ಸೀತಮ್ಮ ಏಳಲಿಲ್ಲ. "ತಡಿ ಹೆಣೆ, ಡಾಕ್ಟ್ರದ್ದೊಂದ್ ಮುಗ್ಸ್ತೆ."

ನನ್ನ ಚಿಂತೆ ಕಡಿಮೆಯಾಗಿಲ್ಲ. ಅದಕ್ಕೊಂದು ಕೆಲಸ ಸಿಕ್ಕಿದೆ. ಮಾತ್ರೆ ಬರೆಯುವ ಮೊದಲು ಪೆನ್ನು ಕೆಳಗಿಟ್ಟು, ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಜನ ಹೇಳುತ್ತ ಹೋಗುತ್ತಾರೆ. ಹೊರಗೆ ಸಾಲು ಬೆಳೆಯುತ್ತದೆ, ಸಿಸ್ಟರ್ ಬಾಗಿಲಲ್ಲಿ ನಿಂತು ಗೊಣಗುತ್ತಾರೆ. ಗೊಣಗಲಿ. ನಾನು ಪೂರ್ತಿ ಕೇಳಿಯೇ ಬರೆಯುವುದು.