ಕೇಳದೆ ಉಂಡ ಅನ್ನ

ಹಮಾಲರಲ್ಲಿ ಒಂದು ರೂಢಿಯಿದೆ. ಚೀಲ ಇಳಿಸುವಾಗ ಕೊಕ್ಕೆ ತಾಗಿ ಸೋರಿದ ಕಾಳು, ನೆಲಕ್ಕೆ ಬಿದ್ದ ಮೇಲೆ ಅಂಗಡಿಯವರದಲ್ಲ, ಹೊತ್ತವನದು. ಸಂಜೆ ಅದನ್ನು ಗುಡಿಸಿ, ಕೇರಿ, ಟವೆಲಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋಗಬಹುದು. ಯಾರೂ ಏನೂ ಅನ್ನುವುದಿಲ್ಲ. ಬೆಳಗಾವಿ ಪೇಟೆಯಲ್ಲಿ ನನ್ನ ಜೊತೆ ಚೀಲ ಹೊರುತ್ತಿದ್ದವರೆಲ್ಲ ಒಯ್ಯುತ್ತಿದ್ದರು. ನಾನು ಒಂದು ದಿನವೂ ಒಯ್ಯಲಿಲ್ಲ.

ಅದೇ ಊರಿನ ಖಾಸಬಾಗದ ನಮ್ಮ ಮನೆಯಲ್ಲಿ ಇದರ ಮೇಲೆ ಆಗಾಗ ಮಾತಾಗುತ್ತಿತ್ತು.

“ಬಿದ್ದ ಕಾಳು ಗುಬ್ಬಿ ತಿಂದ್ರ ನಡೀತೈತಿ, ನಿಮ್ಮ ಮಕ್ಕಳು ತಿಂದ್ರ ಏನಾಕ್ಕೈತ್ರಿ?” ಎಂದು ಹೆಂಡತಿ ಕೇಳುವಳು.

“ಗುಬ್ಬಿಗೆ ರಟ್ಟಿ ಇಲ್ಲ. ನನಗ ಎರಡು ಅದಾವ.”

“ಹಂಗಾರ ಇವತ್ತ ರಟ್ಟೀನಽ ಕುದಿಸಿ ಸಾರು ಮಾಡ್ಲೇನ್ರಿ?”

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ಅದು. ಓದದವನಿಗೆ ಊರು ತಾನಾಗಿ ಮರ್ಯಾದೆ ಕೊಡುವುದಿಲ್ಲ. ಬೇರೆ ಯಾವುದಾದರೂ ದಾರಿಯಿಂದ ಗಳಿಸಬೇಕು. ನೂರು ಕಿಲೋದ ಚೀಲ ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುತ್ತೇನೆ, ಇನ್ನೊಬ್ಬರ ಕಾಳಿಗೆ ಕೈ ಹಚ್ಚುವುದಿಲ್ಲ. ಈ ಎರಡೇ ನನ್ನ ಸರ್ಟಿಫಿಕೇಟು. ಅದನ್ನು ನೋಡಿಯೇ ಒಬ್ಬ ಕಿರಾಣಿ ಸಾವಕಾರರು ನನ್ನನ್ನು ಪೇಟೆಯಿಂದ ಬಿಡಿಸಿ, ಖಾನಾಪುರದ ತಮ್ಮ ಅಂಗಡಿಗೆ ಕಾಯಂ ಆಳಾಗಿ ಇಟ್ಟುಕೊಂಡರು. ಅವರ ಮನೆಯೂ ಬೆಳಗಾವಿಯಲ್ಲೇ ಇತ್ತು. ಬೆಳಿಗ್ಗೆ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು, ಸಂಜೆ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ಮಳೆ ಜೋರಿದ್ದ ದಿನ ನಾನು ಅಂಗಡಿಯಲ್ಲೇ ಮಲಗಿಬಿಡುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಆಷಾಢದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಸಾವಕಾರರಿಗೆ ಮನೆಯಿಂದ ಸುದ್ದಿ ಬಂತು, ತಾಯಿಗೆ ಹುಷಾರಿಲ್ಲವೆಂದು. ಅವಸರದಲ್ಲಿ ಬಾಗಿಲು ಹಾಕಿಸಿ ಕೀಲಿಕೈ ನನ್ನ ಕೈಗಿಟ್ಟರು.

“ನಾ ಬರೂಮಟ ಬಾಗಲಾ ತಗೀಬ್ಯಾಡ. ಯಾರರೆ ಕೇಳಿದ್ರ ಸಾವಕಾರ್ರು ಇಲ್ಲ ಅನ್ನು.”

“ಆಗ್ಲಿರಿ,” ಎಂದೆ. ಅಷ್ಟೇ ಮಾತು. ಆದರೆ ಆಗಲಿ ಅಂದಮೇಲೆ ನನ್ನ ಮಟ್ಟಿಗೆ ಅದು ರಿಜಿಸ್ಟರ್ ಮಾಡಿದ ಕಾಗದವಿದ್ದ ಹಾಗೆ.

ಮರುದಿನ ಬೆಳಗಾಗುವಷ್ಟರಲ್ಲಿ ಮಲಪ್ರಭೆ ಕೆಳಗಿನ ಓಣಿಗೆ ಬಂದಿದ್ದಳು. ಅಂಗಡಿ ದಿಬ್ಬದ ಮೇಲಿತ್ತು, ಅದರ ಬಾಜೂಕೇ ಮರಾಠಿ ಶಾಲೆ. ಓಣಿಯ ಮಂದಿ ಹಾಸಿಗೆ, ಟ್ರಂಕು, ಆಡು, ಕೋಳಿ ಎಲ್ಲ ಹೊತ್ತುಕೊಂಡು ಆ ಶಾಲೆಯ ಎರಡು ಖೋಲಿಗಳಲ್ಲಿ ಬಂದು ಕೂತರು. ಬೆಳಗಾವಿಯ ರಸ್ತೆ ಹಳ್ಳದ ನೀರಿನ ಕೆಳಗೆ ಹೋಗಿತ್ತು. ರೈಲು ಹಳಿಯ ಕೆಳಗಿನ ಮಣ್ಣು ಕುಸಿದಿತ್ತು. ಸರಕಾರದ ಸಹಾಯ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾವ ದಾರಿಯಿಂದ, ಯಾವತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಅವರವರು ತಂದದ್ದನ್ನು ತಿಂದರು. ಎರಡನೆಯ ದಿನ ಬೆಳಿಗ್ಗೆ ಮಕ್ಕಳ ಅಳು ಶುರುವಾಯಿತು. ನಾನು ಅಂಗಡಿಯ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಒಳಗೆ ಅಕ್ಕಿ, ಬೇಳೆ, ಜೋಳ, ಎಣ್ಣೆ, ಬೆಲ್ಲ ಎಲ್ಲಾ ಇದೆಯೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಎತ್ತರದ ಆಳು ಎಲ್ಲಿಂದಲೋ ಒಂದು ಹಾರೆ ತಂದು ನನ್ನ ಮುಂದೆ ನಿಂತ. ಮನೆಯಲ್ಲಿ ಮರಾಠಿ ಮಾತಾಡುವವನು, ನನ್ನ ಜೊತೆ ಕನ್ನಡದಲ್ಲೇ ಜಗಳಕ್ಕೆ ಬಂದ.

“ಕೀಲಿ ನೀ ತಗೀತೀಯೋ, ನಾನಽ ತಗೀಲೋ?”

“ಈ ಹಾರಿ ಬಾಗಲಕ್ಕ ಮುಟ್ಟಬೇಕಾದ್ರ ಮೊದಲ ನನ್ನ ಎದಿ ಐತಿ.”

“ನಿನ್ನ ಎದಿ ಯಾವಂಗ ಬೇಕಾಗೇತಿ? ನನಗ ಅಕ್ಕಿ ಬೇಕಾಗೇತಿ.”

ಹಿಂದೆ ನಿಂತವರು ನಕ್ಕರು. ನನಗೆ ಮೈ ಉರಿಯಿತು. “ಇದಕ್ಕ ಕಳವು ಅಂತಾರ,” ಎಂದೆ.

“ಸಾವಕಾರ ಇದ್ದಿದ್ರ ಕೇಳ್ತಿದ್ವಿ. ಈಗ ಯಾರನ್ನ ಕೇಳೂಣು, ನದೀನ?”

ಇಬ್ಬರೂ ಕೈ ಕೈ ಮಿಲಾಯಿಸುವ ಹೊತ್ತಿಗೆ ಒಬ್ಬ ಮುದುಕಿ ನಡುವೆ ಬಂದಳು. ಮದುವೆ ಮನೆಗಳಿಗೆ ಹೋಗಿ ಅಡುಗೆ ಮಾಡಿಕೊಡುತ್ತಿದ್ದ ಮುಸಲ್ಮಾನರ ಹೆಂಗಸು. ಊರಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಆಕೆಯ ಮನೆಯೂ ನೀರಿನಲ್ಲಿತ್ತು. ತನ್ನದೆಂದು ಆಕೆ ಎತ್ತಿಕೊಂಡು ಬಂದದ್ದು ಎರಡು ದೊಡ್ಡ ಹಂಡೆ ಮಾತ್ರ.

“ಬೇಟಾ, ನೀ ಒಂದ ಕಾಳು ಮುಟ್ಟಾಂವ ಅಲ್ಲ ಅಂತ ಪ್ಯಾಟಿಗೆಲ್ಲಾ ಗೊತ್ತೈತಿ,” ಎಂದಳು. “ಭಾಳ ಚಲೋ ಹೆಸರು. ಅದನ್ನ ಈ ಹಂಡ್ಯಾಗ ಹಾಕಿ ಕುದಿಸಿದ್ರ ಎಷ್ಟ ಮಂದಿಗೆ ಆಗ್ತೈತಿ ಹೇಳು?”

ಹೆಂಡತಿ ಹೇಳುತ್ತಿದ್ದ ಮಾತೇ ಬೇರೆ ಬಾಯಿಂದ ಬಂದಂತಾಯಿತು. ಆಕೆ ಶಾಲೆಯ ಕಡೆ ಕೈ ತೋರಿಸಿದಳು.

“ಒಳಗ ಬಾಣಂತಿ ಅದಾಳ. ನಿನ್ನಿಯಿಂದ ಬರೇ ಬಿಸಿನೀರು ಕುಡ್ಯಾಕತ್ತಾಳ. ಕೂಸಿಗೆ ಹಾಲು ಬರವಲ್ದು. ಕೀಲಿ ಒಡದ್ರ ಅದು ಇವನ ತಪ್ಪು. ಕೀಲಿಕೈ ಇಟಗೊಂಡು ತಗೀಲಿಲ್ಲಂದ್ರ ಅದು ಯಾರ ತಪ್ಪು?”

ಒಂದು ಮಾತು ಆಗ ಸ್ಪಷ್ಟವಾಯಿತು. ನನ್ನ ತಲೆಯಲ್ಲಿ ಸಾವಕಾರರ ಅಕ್ಕಿಯ ಚಿಂತೆ ಇರಲೇ ಇಲ್ಲ. ಸಾವಕಾರರು ಬಂದು ನನಗೆ ಏನೆನ್ನುತ್ತಾರೆ ಎಂಬ ಚಿಂತೆಯೊಂದೇ ಇತ್ತು. ನನ್ನ ಹೆಸರನ್ನು ನಾನು ಕಾಯುತ್ತಿದ್ದೆ, ಅಂಗಡಿಯನ್ನಲ್ಲ. ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ತಿಳಿದೇ ಕೀಲಿ ತೆಗೆದೆ.

ಒಳಗೆ ಹೋದರೆ ಹಿಂದಿನ ಗೋಡೆ ಜಿನುಗಿ ಅಕ್ಕಿಯ ಥಪ್ಪಿಯ ಕೆಳಗಿನ ಸಾಲಿನ ಚೀಲಗಳು ಹಸಿಯಾಗಿದ್ದವು. ಥಪ್ಪಿಯೆಂದರೆ ಒಂದರ ಮೇಲೊಂದು ಪೇರಿಸಿದ ಚೀಲ. ಮೇಲಿನ ಒಣ ಚೀಲ ಎಳೆದು ಕೊಡುವುದು ಸುಲಭವಿತ್ತು. ನಾನು ಅದನ್ನು ಮಾಡಲಿಲ್ಲ. ಇಡೀ ಥಪ್ಪಿ ಇಳಿಸಿ, ಒಣ ಚೀಲಗಳನ್ನು ಆಚೆ ಗೋಡೆಗೆ ಹಚ್ಚಿ, ಹಸಿಯಾದವನ್ನು ಮೊದಲು ಹೊರಗೆ ತಂದೆ. ಇವತ್ತು ಕುದಿಸಿದರೆ ಅದು ಅನ್ನ, ನಾಲ್ಕು ದಿನ ಬಿಟ್ಟರೆ ಮುಗ್ಗಿದ ಕಸ. ಹಾರೆ ತಂದವನು ಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಹಾರೆ ಮೂಲೆಗಿಟ್ಟು ಚೀಲದ ಇನ್ನೊಂದು ತುದಿ ಹಿಡಿದ.

“ಹುಚ್ಚ ಅದೀ,” ಎಂದ. “ತ್ವಾಯ್ದದ್ದು ಹುಡುಕಿ ಹುಡುಕಿ ಕೊಡಾಕತ್ತೀಯಲ್ಲ.”

“ನಿನಗ ಅಕ್ಕಿ ಬೇಕಾಗಿತ್ತಲ್ಲ. ಹೊರು.”

ಖಾಲಾ ಶಾಲೆಯ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿದಳು. ಒಂದೇ ಕಟ್ಟಳೆ ಹಾಕಿದಳು: ಕಾಳು ಒಂದು ಮುಷ್ಟಿಯೂ ಯಾರ ಗಂಟಿಗೂ ಹೋಗಬಾರದು, ಎಲ್ಲ ಇಲ್ಲೇ ಬೇಯಬೇಕು, ಇಲ್ಲೇ ಉಣ್ಣಬೇಕು. ಆ ಬುದ್ಧಿ ನನಗೆ ಹೊಳೆದಿರಲಿಲ್ಲ. ಬೇಯಿಸಿದ ಅನ್ನವನ್ನು ಯಾರೂ ಟ್ರಂಕಿನಲ್ಲಿ ಬಚ್ಚಿಡಲಾರರು. ಆಕೆಯ ಕೈಯಲ್ಲಿ ಉಣ್ಣಲು ಇಬ್ಬರು ಮೂವರು ಹಿಂದೆ ಮುಂದೆ ನೋಡಿದರು; ಮಧ್ಯಾಹ್ನದ ಹೊತ್ತಿಗೆ ಅವರೂ ತಾಟು ಹಿಡಿದು ಸಾಲಿಗೆ ಬಂದರು. ಒಬ್ಬ ಮುದುಕ ಬೀಡಿ ಕೇಳಿದ.

“ಬೀಡಿ ಹೊಟ್ಟಿಗೆ ಹೋಗಂಗಿಲ್ಲ, ಕಾಕಾ,” ಎಂದೆ.

“ಎದಿಗೆ ಹೋಗ್ತೈತಲ್ಲೋ.”

ಬೀಡಿ ಕೊಡಲಿಲ್ಲ. ಸಾಬೂನೂ ಕೊಡಲಿಲ್ಲ. ಸಕ್ಕರೆಯ ಚೀಲಕ್ಕೆ ನಾನು ಅಡ್ಡ ನಿಂತೆ, ಖಾಲಾ ಕೇಳಲಿಲ್ಲ. ಬಾಣಂತಿಗೂ ಮುದುಕರಿಗೂ ಚಹಾ ಬೇಕೆಂದು ಬಿಚ್ಚಿಸಿಯೇ ಬಿಟ್ಟಳು. ಸಂಜೆ ಒಬ್ಬ ಎಣ್ಣೆಯ ಡಬ್ಬಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಹಿತ್ತಲಿನಿಂದ ಹೊರಟಿದ್ದ. ಅವನ ಮನೆಗೆ ನೀರು ಬಂದಿರಲಿಲ್ಲ, ಮನೆಯಲ್ಲಿ ಒಲೆಯೂ ಉರಿಯುತ್ತಿತ್ತು. ಕೊರಳಪಟ್ಟಿ ಹಿಡಿದು ಡಬ್ಬಿ ಕಸಿದುಕೊಂಡೆ. ಎಲ್ಲರೂ ತಗೊಂಡಾರ, ನಾ ತಗೊಂಡ್ರ ಏನು, ಎಂದು ಅವನ ವಾದ. ಈಗ ಎಲ್ಲಾದರೂ ನೆರೆ ಬಂದು ಮಂದಿ ಅಂಗಡಿ ತೆಗೆದರೆಂದು ಕೇಳಿದಾಗ ನಮ್ಮ ಮನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕಳ್ಳರೆನ್ನುವವರಿದ್ದಾರೆ, ಎಲ್ಲರನ್ನೂ ಒಟ್ಟಿಗೆ ಪಾಪ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಡಬ್ಬಿಯವನು ಕಳ್ಳ, ಇವತ್ತಿಗೂ ಹಾಗೇ ಅನ್ನುತ್ತೇನೆ. ಹಾರೆ ತಂದವನು ಅಲ್ಲ.

ಇನ್ನು ನನ್ನ ತಪ್ಪು ಹೇಳಬೇಕು.

ಎಲ್ಲರಿಗೂ ನೀಡಿದೆ, ನಾನು ಉಣ್ಣಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಉಳಿದ ಎರಡು ರೊಟ್ಟಿ ನನ್ನ ಹತ್ತಿರ ಇದ್ದವು. ಜೋಳದ ಚೀಲಗಳ ಮರೆಯಲ್ಲಿ ಕೂತು ಅದನ್ನೇ ಚೂರು ಚೂರು ಮುರಿದು ತಿನ್ನುತ್ತಿದ್ದೆ. ಸಾವಕಾರರು ಬಂದಾಗ ನೆಟ್ಟಗೆ ನಿಂತು ಹೇಳಬೇಕು, ಮಂದಿಗೆ ಕೊಟ್ಟೆ, ನಾನು ಒಂದು ಅಗುಳು ಮುಟ್ಟಲಿಲ್ಲ ಎಂದು. ಆ ಒಂದು ಮಾತಿನ ಆಸೆಗೆ ಎರಡು ದಿನ ಹಾಗೆ ಕಳೆದೆ. ಇಡೀ ದಿನ ಚೀಲ ಹೊರುವುದು, ನೀರು ತರುವುದು. ಮೂರನೆಯ ದಿನ ಮಧ್ಯಾಹ್ನ ಹಂಡೆ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟೆ. ಕಿಸೆಯಿಂದ ಉಳಿದ ರೊಟ್ಟಿಯ ತುಂಡು ಕೆಳಗೆ ಬಿತ್ತು. ಖಾಲಾ ಎತ್ತಿ ನೋಡಿದಳು. ಹಸಿರು ಬೂಸ್ಟು ಹಿಡಿದಿತ್ತು.

“ಇದನ್ನ ತಿನ್ನಾಕತ್ತೀಯೇನು ಎರಡ ದಿನದಿಂದ?”

ಆಕೆ ತನ್ನ ತಾಟನ್ನು ನೆಲಕ್ಕಿಟ್ಟು ಮುಂದಕ್ಕೆ ಸರಿಸಿದಳು. ಆಕೆಯ ಬಾಜೂಕೆ ಕೂತಿದ್ದ ಹೆಂಗಸೂ ಇಟ್ಟಳು. ಸಾಲಿನುದ್ದಕ್ಕೂ ಒಬ್ಬೊಬ್ಬರೇ ಕೈ ತಡೆದರು. ಹಂಚಿನ ಕಾರ್ಖಾನೆಯವನು ಬಾಯಲ್ಲಿದ್ದ ತುತ್ತು ನುಂಗಿ ನನ್ನ ಕಡೆ ತಿರುಗಿದ.

“ಅಂದ್ರ ನಾವೆಲ್ಲಾ ಕಳ್ಳರು, ನೀ ಒಬ್ಬಾಂವ ಸಾಚಾ. ಹೌದಿಲ್ಲೋ?”

“ಹಂಗಲ್ಲೋ...”

“ಹಂಗಽ. ನೀ ಉಣ್ಣಲಿಲ್ಲಂದ್ರ ಈ ಅನ್ನ ಹರಾಮದ್ದು ಅಂತ ನಮ್ಮ ಮುಂದ ಹೇಳಿದಂಗ. ಹರಾಮದ್ದು ಇದ್ರ ನಮಗ ಯಾಕ ನೀಡಿದಿ?”

ಶಾಲೆ ಬಿಟ್ಟ ಮೇಲೆ ನನಗೆ ಯಾರೂ ಪಾಠ ಹೇಳಿರಲಿಲ್ಲ. ಅವತ್ತು ಮರಾಠಿ ಶಾಲೆಯ ಪಡಸಾಲೆಯಲ್ಲಿ ಕೂತು ಕಲಿತೆ. ಅವರಲ್ಲಿ ನೇಯುವವರಿದ್ದರು, ಕುಂಬಾರರಿದ್ದರು, ಹೊಲ ಉಳುವವರಿದ್ದರು. ನನ್ನ ಹಾಗೆಯೇ ರಟ್ಟೆ ನಂಬಿ ಬದುಕಿದವರು, ಬೇರೆಯವರ ಮುಂದೆ ಕೈ ಒಡ್ಡದವರು. ಅವರಿಗೂ ಆ ತಾಟು ಹಿಡಿಯುವಾಗ ನಾಚಿಕೆಯಾಗಿತ್ತು. ನಾನು ನನ್ನೊಬ್ಬನ ನಾಚಿಕೆಯನ್ನು ಉಳಿಸಿಕೊಂಡು, ಅವರದನ್ನು ಇಮ್ಮಡಿ ಮಾಡಿದ್ದೆ.

ಖಾಲಾ ಒಂದು ತಾಟಿನಲ್ಲಿ ಅನ್ನ, ಬೇಳೆ ಹಾಕಿ ನನ್ನ ಮುಂದಿಟ್ಟಳು. ಉಂಡೆ. ಉಪ್ಪು ತುಸು ಹೆಚ್ಚಾಗಿತ್ತು. ನಾನು ಎರಡನೇ ಸಲ ಅನ್ನ ಕೇಳಿದ ಮೇಲೆ ಉಳಿದವರು ತಮ್ಮ ತಾಟಿಗೆ ಕೈ ಹಾಕಿದರು.

ನಾಲ್ಕನೆಯ ದಿನ ಮಳೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಸಾವಕಾರರು ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಧೋತರ ಎತ್ತಿ ಕಟ್ಟಿ ದಿಬ್ಬ ಹತ್ತಿ ಬಂದರು. ಕೆಟ್ಟುಹೋದ ರಸ್ತೆಯಲ್ಲಿ ಅರ್ಧ ದಾರಿ ನಡೆದೇ ಬಂದಿದ್ದರು. ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ನಾನು ಎದುರಿಗೆ ಹೋಗಿ ನಿಂತೆ.

“ಬಾಗಲಾ ತಗದೇನ್ರಿ. ಅಕ್ಕಿ, ಬ್ಯಾಳಿ, ಎಣ್ಣಿ, ಸಕ್ಕರಿ ಖರ್ಚಾಗೇತ್ರಿ. ಮಂದಿ ಉಂಡಾರ್ರಿ. ನಾನೂ ಉಂಡೇನ್ರಿ.”

ಅವರು ಒಳಗೆ ಹೋದರು. ಖಾಲಿ ಜಾಗ ನೋಡಿದರು, ಆಚೆ ಗೋಡೆಗೆ ಹಚ್ಚಿದ ಒಣ ಚೀಲ ಮುಟ್ಟಿ ನೋಡಿದರು, ಜಿನುಗಿದ ಗೋಡೆ ನೋಡಿದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಮುಖ ಕೆಂಪಗಾಗಿತ್ತು.

“ಸಕ್ಕರಿ ಚೀಲ ಯಾಕ ಬಿಚ್ಚಿದಿ?”

“ಅದು ನನ್ನ ಕೆಲಸ,” ಎಂದಳು ಖಾಲಾ, ಒಲೆಯ ಹತ್ತಿರದಿಂದಲೇ. “ಚಾ ಸಿಗಲಿಲ್ಲಂದ್ರ ಮುದುಕ್ರು ಸುಮ್ಮನ ಕುಂದರಂಗಿಲ್ಲರಿ. ನನ್ನ ತಲಿ ತಿಂತಿದ್ರು.”

ಸಾವಕಾರರು ನಗಲಿಲ್ಲ. “ನಾ ಬಾಗಲಾ ತಗೀಬ್ಯಾಡ ಅಂದಿದ್ನಿ,” ಎಂದು ನನ್ನನ್ನೇ ನೋಡಿದರು.

“ಹೌದ್ರಿ. ಅಂದಿದ್ರಿ.”

ಶಾಲೆಯ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡಿದ್ದವು. ಬಾಣಂತಿಯ ಕೂಸು ಒಂದು ಸಲ ಅತ್ತು ಸುಮ್ಮನಾಯಿತು. ಸಾವಕಾರರು ಆ ಕಡೆ ತಿರುಗಿ ನೋಡಿದರು.

“ನೀ ನನ್ನ ಕೇಳಿದ್ರ ನಾ ಏನ್ ಅಂತಿದ್ನೋ ನನಗಽ ಗೊತ್ತಿಲ್ಲ,” ಎಂದರು ಕೊನೆಗೆ. “ಬಹುಶಃ ತಗೀಬ್ಯಾಡ ಅಂತಿದ್ನಿ. ಕೇಳಾಕ ದಾರಿ ಇರಲಿಲ್ಲ, ಅದ ಚಲೋ ಆತು.”

ಅವರು ದೊಡ್ಡ ದಾನಿಗಳೇನಲ್ಲ. ಒಂದು ವಾರದವರೆಗೆ ಸಕ್ಕರೆಯ ಮಾತು ತೆಗೆದು ತೆಗೆದು ನನ್ನನ್ನು ಬಯ್ದರು. ಆದರೆ ಅವತ್ತು ಕಾಲು ತೊಳೆದುಕೊಂಡು ಬಂದು ಕೇಳಿದ್ದು ಬೇರೆ.

“ಇನ್ನ ಎಷ್ಟ ದಿನ ಮಂದಿ ಇಲ್ಲೇ ಇರಬೇಕಾಗ್ತೈತಿ?”

“ಮನಿ ಗ್ವಾಡಿ ಒಣಗೂತನಾರ ಇರಬೇಕ್ರಿ. ಏಳೆಂಟ ದಿನ.”

“ಬರೇ ಅನ್ನ ಉಂಡು ಮನಷ್ಯಾ ಗ್ವಾಡಿ ಕಟ್ತಾನೇನು? ಆ ಜ್ವಾಳದ ಚೀಲ ಇಳಸು. ರೊಟ್ಟಿ ಬಡೀಲಿ.”

“ಜ್ವಾಳದ ರೊಟ್ಟಿ ನಮಗ ಅರಗಂಗಿಲ್ಲರಿ, ಸಾವಕಾರ,” ಎಂದ ಹಂಚಿನ ಕಾರ್ಖಾನೆಯವನು, ಗಂಭೀರವಾಗಿ. “ನಾವು ಅನ್ನದ ಮಂದಿ.”

“ಪುಕ್ಕಟ ಉಂಡು, ಮ್ಯಾಲ ಇದು ಬ್ಯಾರೆ,” ಎಂದರು ಸಾವಕಾರರು. ಶಾಲೆಯ ಕಿಟಕಿಯಲ್ಲಿ ಯಾರೋ ನಕ್ಕರು, ಆಮೇಲೆ ಇಡೀ ಖೋಲಿ ನಕ್ಕಿತು. ನಾನು ಒಳಗೆ ಹೋಗಿ ಜೋಳದ ಒಂದು ಚೀಲ, ಅಕ್ಕಿಯ ಒಂದು ಚೀಲ ಇಳಿಸಿದೆ. ಈ ಸಲ ಮೇಲಿನ ಒಣ ಚೀಲಗಳನ್ನೇ.